ಮೊಳಕೆಯಲ್ಲಿ ಕಂಡ ಸಿರಿ

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮೊಳಕೆಯನ್ನು ನೋಡಿ ಬೆಳೆಯನ್ನು ಊಹಿಸುವ ಈ ವಿದ್ಯೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಉದ್ಯಮವನ್ನಾಗಿಯೇ ಬೆಳೆಸಿದ್ದಾರೆ. ಅಲ್ಲಿ ಪ್ರೌಢಶಾಲೆಯ ಬಾಸ್ಕೆಟ್‌ಬಾಲ್ ಆಟಗಾರರಿಗೆ ಹದಿನಾರು ಹದಿನೇಳರ ವಯಸ್ಸಿನಲ್ಲಿಯೇ ಒಂದನೆಯವನು, ಎರಡನೆಯವನು ಎಂದು ದೇಶಮಟ್ಟದ ಸ್ಥಾನಗಳನ್ನು ಕೊಡುತ್ತಾರೆ. ಐದು ನಕ್ಷತ್ರದ ಹುಡುಗ, ನಾಲ್ಕು ನಕ್ಷತ್ರದ ಹುಡುಗ ಎಂದು ವಿಂಗಡಿಸುತ್ತಾರೆ. ಹೆಸರಾಂತ ಕಾಲೇಜುಗಳ ತರಬೇತುದಾರರು ವಿದ್ಯಾರ್ಥಿವೇತನದ ಆಶ್ವಾಸನೆಯೊಡನೆ ಇವರ ಮನೆಬಾಗಿಲಿಗೆ ಹೋಗುತ್ತಾರೆ. ಅನಂತರ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹುಡುಗನು ನಿರೀಕ್ಷೆಯ ಮಟ್ಟಕ್ಕೆ ಬಂದನೇ, ಇಲ್ಲವೇ? ಬರಲಿಲ್ಲವೆಂದು ಹತ್ತೊಂಬತ್ತರ ತರುಣನೊಬ್ಬನ ಹಣೆಗೆ ಸೋಲಿನ ಪಟ್ಟಿಯನ್ನು ಅಂಟಿಸುವ ಮುನ್ನ, ತಪ್ಪಿದ್ದು ಅವನೋ ಅಥವಾ ನಮ್ಮ ಅಳತೆಗೋಲೋ ಎಂಬುದನ್ನು ವಿಚಾರಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.

ನಿರೀಕ್ಷೆ ಪೂರ್ಣವಾಗಿ ನಿಜವಾದ ಸಂದರ್ಭಗಳೂ ಇಲ್ಲದಿಲ್ಲ. 1965ರಲ್ಲಿ ನ್ಯೂಯಾರ್ಕಿನ ಲ್ಯೂ ಆಲ್ಸಿಂಡರ್ ಎಂಬ ಏಳಡಿಗೂ ಮೀರಿದ ಹುಡುಗ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೇರಿದನು. ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡಕೂಡದೆಂಬ ನಿಯಮ ಆಗ ಇದ್ದಿತು. ಅದು 1972ರವರೆಗೂ ನಡೆಯಿತು. ಆದ್ದರಿಂದ ಅವನು ಹೊಸಬರ ತಂಡದಲ್ಲಿದ್ದನು. ಆ ವರ್ಷದ ನವೆಂಬರಿನಲ್ಲಿ ಹೊಸಬರಿಗೂ ಮುಖ್ಯ ತಂಡಕ್ಕೂ ಪಂದ್ಯ ಏರ್ಪಟ್ಟಿತು. ಮುಖ್ಯ ತಂಡವೆಂದರೆ 1964 ಮತ್ತು 1965ರ ರಾಷ್ಟ್ರ ಪ್ರಶಸ್ತಿಗಳನ್ನು ಗೆದ್ದುಬಂದ ತಂಡ. ಹೊಸಬರು 75-60ರಿಂದ ಅದನ್ನು ಸೋಲಿಸಿದರು. ಆಲ್ಸಿಂಡರನೊಬ್ಬನೇ 31 ಅಂಕ ಗಳಿಸಿದನು. ಮುಂದೆ ಅವನು ಆಡಿದ ಮೂರು ವರ್ಷವೂ, ಅಂದರೆ 1967, 1968, 1969ರಲ್ಲಿ, ರಾಷ್ಟ್ರ ಪ್ರಶಸ್ತಿ ಆ ವಿಶ್ವವಿದ್ಯಾನಿಲಯಕ್ಕೇ ಸಂದಿತು. ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಅನಂತರ ಲೋಕಪ್ರಸಿದ್ಧರಾದವರು ಇವರೇ. ಇಂತಹ ಒಬ್ಬರನ್ನು ಕಂಡ ಜನ ಪ್ರತಿ ವರ್ಷದ ಪಟ್ಟಿಯ ಮೊದಲಿಗನಲ್ಲಿಯೂ ಇನ್ನೊಬ್ಬ ಆಲ್ಸಿಂಡರನನ್ನು ಹುಡುಕತೊಡಗಿದುದರಲ್ಲಿ ಆಶ್ಚರ್ಯವಿಲ್ಲ. ತೊಡಕು ಇರುವುದೂ ಅಲ್ಲಿಯೇ.

ಈ ತೊಡಕಿನ ಮೂಲವನ್ನು ತೋರಿಸಿಕೊಟ್ಟವನು ಆಟಕ್ಕೆ ಯಾವ ಸಂಬಂಧವೂ ಇಲ್ಲದ ಒಬ್ಬ ವಿಜ್ಞಾನಿ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಹೋಲಿಸಿ ನೋಡಿದನು. ತಂದೆತಾಯಿಗಳ ಸರಾಸರಿ ಎತ್ತರ ಜನಸಾಮಾನ್ಯರ ಸರಾಸರಿಗಿಂತ 3 ಅಂಗುಲ ಹೆಚ್ಚಾಗಿದ್ದರೆ ಮಕ್ಕಳ ಎತ್ತರ ಸುಮಾರು 2 ಅಂಗುಲ ಮಾತ್ರ ಹೆಚ್ಚಾಗಿರುವುದು ಅವನಿಗೆ ಕಂಡುಬಂದಿತು. ಕುಳ್ಳರ ಮಕ್ಕಳಲ್ಲಿ ಇದೇ ಸಂಗತಿ ತಿರುಗುಮುರುಗಾಗಿ ಕಾಣಿಸಿತು. ಸರಾಸರಿಯ ಕಡೆಗೆ ಮರಳುವ ಈ ಪ್ರವೃತ್ತಿ ಎತ್ತರಕ್ಕೆ ಮಾತ್ರ ಸೇರಿದ್ದಲ್ಲ. ಎರಡು ಅಳತೆಗಳ ನಡುವೆ ಸಂಬಂಧವಿದ್ದು ಆ ಸಂಬಂಧ ಸಂಪೂರ್ಣವಾಗಿಲ್ಲದ ಕಡೆಯಲ್ಲೆಲ್ಲ ಇದು ತಲೆದೋರುತ್ತದೆ.

ಹುಡುಗನ ಆಟಕ್ಕೆ ಇದನ್ನು ಅನ್ವಯಿಸಿ ನೋಡೋಣ. ಬೇಸಗೆಯ ಪಂದ್ಯಾವಳಿಯೊಂದರಲ್ಲಿ ಪರೀಕ್ಷಕನು ಕಾಣುವುದು ಹುಡುಗನ ನೈಜ ಸಾಮರ್ಥ್ಯವನ್ನಷ್ಟೇ ಅಲ್ಲ. ಅದರೊಡನೆ ಆ ದಿನದ ಅದೃಷ್ಟ, ಎದುರಾಳಿಯ ದೌರ್ಬಲ್ಯ, ಬೇಗ ಬೆಳೆದ ಮೈಕಟ್ಟು ಎಲ್ಲವೂ ಬೆರೆತಿರುತ್ತವೆ. ಸಾವಿರಾರು ಹುಡುಗರಲ್ಲಿ ತುದಿಯ ಹತ್ತು ಮಂದಿಯನ್ನು ಆರಿಸಿದಾಗ ಸಮರ್ಥರನ್ನು ಆರಿಸಿದಂತೆಯೇ ಅದೃಷ್ಟವಂತರನ್ನೂ ಆರಿಸಿದಂತಾಗುತ್ತದೆ. ಸಾಮರ್ಥ್ಯ ಅವರೊಡನೆ ಕಾಲೇಜಿಗೆ ಹೋಗುತ್ತದೆ. ಅದೃಷ್ಟ ಹೋಗಬೇಕೆಂಬ ನಿಯಮವಿಲ್ಲ. ಆದ್ದರಿಂದ ಮೊದಲ ಸ್ಥಾನದವನು ಕಾಲೇಜಿನಲ್ಲಿ ಮೂರನೆಯವನಂತೆಯೋ ಎಂಟನೆಯವನಂತೆಯೋ ಆಡಿದರೆ ಅವನು ಕುಸಿದನೆಂದು ಅರ್ಥವಲ್ಲ. ಲೆಕ್ಕ ಹೇಳಿದ್ದೂ ಅಷ್ಟನ್ನೇ. ಇದಕ್ಕೆ ಪ್ರತಿಯಾಗಿ ಪಟ್ಟಿಯ ತಳದಲ್ಲಿದ್ದವರು ಕೆಲವರು ಮೇಲಕ್ಕೆ ಬರುವುದೂ ಸಹಜ. ಆಗ ಅದರ ಯಶಸ್ಸನ್ನು ತರಬೇತುದಾರರು ಪಡೆಯುತ್ತಾರೆ. ಗಾಲ್ಟನನನ್ನು ಯಾರೂ ನೆನೆಯುವುದಿಲ್ಲ!

ಹ್ಯಾರಿಸನ್ ಬಾರ್ನ್ಸ್ ಎಂಬ ಆಟಗಾರರ ಮೊದಲ ವರ್ಷ ಇದಕ್ಕೆ ಒಳ್ಳೆಯ ನಿದರ್ಶನ. 2010ರಲ್ಲಿ ಅವರು ನಾರ್ತ್ ಕ್ಯಾರೊಲೈನ ವಿಶ್ವವಿದ್ಯಾನಿಲಯವನ್ನು ಸೇರಿದಾಗ, ಕಾಲೇಜಿನ ಒಂದು ಪಂದ್ಯವನ್ನೂ ಆಡುವ ಮುನ್ನವೇ ಅಸೋಸಿಯೇಟೆಡ್ ಪ್ರೆಸ್ಸಿನ ಅಖಿಲ ಅಮೆರಿಕ ತಂಡಕ್ಕೆ ಅವರ ಹೆಸರು ಆಯ್ಕೆಯಾಯಿತು. ಹೊಸ ವಿದ್ಯಾರ್ಥಿಯೊಬ್ಬನಿಗೆ ಋತುವಿನ ಆರಂಭಕ್ಕೆ ಮೊದಲೇ ಈ ಗೌರವ ದೊರೆತದ್ದು ಅದೇ ಮೊದಲು. ಆರಂಭದ ವಾರಗಳಲ್ಲಿ ಅವರ ಎಸೆತಗಳು ಗುರಿ ತಪ್ಪಿದಾಗ ಗುಲ್ಲೆದ್ದಿತು. ಮರುವರ್ಷದ ಮಾರ್ಚಿಯಲ್ಲಿ ಕ್ಲೆಮ್ಸನ್ ತಂಡದ ವಿರುದ್ಧ ಅದೇ ಹುಡುಗ ಒಂದೇ ಪಂದ್ಯದಲ್ಲಿ 40 ಅಂಕ ಗಳಿಸಿದಾಗ ಗುಲ್ಲಿನ ದಿಕ್ಕು ಬದಲಾಯಿತು. ಒಟ್ಟು ಋತುವಿನಲ್ಲಿ ಅವರ ಸರಾಸರಿ ಪಂದ್ಯವೊಂದಕ್ಕೆ 15.7 ಅಂಕ. ಹದಿನೆಂಟರ ಬೇರೆ ಯಾವ ಹುಡುಗನಾದರೂ ಇಷ್ಟನ್ನು ಗಳಿಸಿದ್ದರೆ ಭೇಷ್ ಎನ್ನುತ್ತಿದ್ದರು. ಬಾರ್ನ್ಸರಿಗೆ ಮಾತ್ರ ಇದು ಕಡಮೆಯೆನಿಸಿತು.

ಅಂಕಗಳ ಸರಾಸರಿಯೇ ಸರಿಯಾದ ಅಳತೆಯೆಂದು ಒಪ್ಪಿಕೊಂಡು ನಾವು ಇಷ್ಟು ಹೇಳಿದೆವು. ಆ ಒಪ್ಪಿಗೆಯನ್ನೂ ಈಗ ಹಿಂದಕ್ಕೆ ಪಡೆಯಬೇಕಾಗಿದೆ. ಕಾಲೇಜಿನ ಪಂದ್ಯ 40 ನಿಮಿಷದ್ದು; ಅಂಗಳದಲ್ಲಿ ಒಂದು ತಂಡದ ಐವರಿರುತ್ತಾರೆ. ಅಲ್ಲಿಗೆ ತರಬೇತುದಾರನ ಕೈಯಲ್ಲಿ ಹಂಚಲು ಇರುವುದು 200 ನಿಮಿಷ ಮಾತ್ರ. ಪಟ್ಟಿಯ ತುದಿಯ ಹುಡುಗರು ನಾಲ್ಕಾರು ಪ್ರಬಲ ಕಾಲೇಜುಗಳಲ್ಲಿಯೇ ಗುಂಪುಗೂಡುವುದರಿಂದ ಅವರವರೊಳಗೇ ಈ ನಿಮಿಷಗಳಿಗೆ ಸ್ಪರ್ಧೆ ಏರ್ಪಡುತ್ತದೆ. 2014-15ರ ಕೆಂಟಕಿ ತಂಡದಲ್ಲಿ ಇಂತಹ ಹೆಸರಾಂತರು ಎಷ್ಟು ಮಂದಿ ಇದ್ದರೆಂದರೆ, ಐವರನ್ನು ಒಮ್ಮೆಗೇ ತೆಗೆದು ಬೇರೆ ಐವರನ್ನು ಇಳಿಸುವ ಪದ್ಧತಿಯನ್ನೇ ಅಲ್ಲಿ ಕೆಲವು ಕಾಲ ನಡೆಸಿದರು. ಆ ತಂಡ ಸತತವಾಗಿ 38 ಪಂದ್ಯಗಳನ್ನು ಗೆದ್ದು, ಉಪಾಂತ್ಯದಲ್ಲಿ ವಿಸ್ಕಾನ್ಸಿನ್ನಿಗೆ ಸೋತಿತು. ಅದರಲ್ಲಿದ್ದ ಕಾರ್ಲ್ ಆಂಥೊನಿ ಟೌನ್ಸ್ ಗಳಿಸಿದ ಸರಾಸರಿ ಕೇವಲ 10.3 ಅಂಕ. ಅಂಕಪಟ್ಟಿಯನ್ನಷ್ಟೇ ನೋಡುವವನು ನಿರೀಕ್ಷೆ ಹುಸಿಯಾಯಿತೆಂದು ಬರೆದಾನು. ಆದರೆ ಅವರು ಆಡಿದ್ದು ಪಂದ್ಯಕ್ಕೆ ಸುಮಾರು 21 ನಿಮಿಷ. 40 ನಿಮಿಷದ ಲೆಕ್ಕಕ್ಕೆ ತಂದರೆ ಆ ಅಂಕಗಳು ಸುಮಾರು 20 ಆಗುತ್ತವೆ. ಅದೇ ವರ್ಷ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಕರೆಯಲ್ಪಟ್ಟ ಹೆಸರು ಟೌನ್ಸರದೇ.

ಇದೇ ಕಾಲೇಜಿನ ಆಂಥೊನಿ ಡೇವಿಸ್ ಇನ್ನೂ ಸ್ವಾರಸ್ಯದ ಪ್ರಸಂಗವನ್ನು ಒದಗಿಸುತ್ತಾರೆ. 2012ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಅವರು ಹತ್ತು ಸಲ ಬುಟ್ಟಿಗೆ ಗುರಿಯಿಟ್ಟು ಒಮ್ಮೆ ಮಾತ್ರ ಸಫಲರಾದರು. ಗಳಿಸಿದ್ದು ಒಟ್ಟು 6 ಅಂಕ. ಆದರೂ ಪಂದ್ಯಾವಳಿಯ ಅತ್ಯುತ್ತಮ ಆಟಗಾರರೆಂಬ ಮನ್ನಣೆ ಅವರಿಗೇ ಸಂದಿತು; ಏಕೆಂದರೆ 16 ರಿಬೌಂಡ್‌ಗಳನ್ನು ಹಿಡಿದು, ಎದುರಾಳಿಗಳ 6 ಎಸೆತಗಳನ್ನು ತಡೆದು, ಕ್ಯಾನ್ಸಸ್ ತಂಡದ ದಾರಿಗೆ ಅಡ್ಡವಾಗಿ ನಿಂತವರು ಅವರು. ಡೇವಿಸರ ಪೂರ್ವಕಥೆಯೂ ಪಟ್ಟಿಗಾರರಿಗೆ ಪಾಠವಾಗಿದೆ. ಶಿಕಾಗೊ ನಗರದ ಪ್ರೌಢಶಾಲೆಯಲ್ಲಿದ್ದಾಗ ಅವರು ಸುಮಾರು 8 ಅಂಗುಲ ಬೆಳೆದರು. ಚೆಂಡನ್ನು ನಡೆಸಿಕೊಂಡು ಬರುವ ಸಾಧಾರಣ ಎತ್ತರದ ಹುಡುಗ, ನೋಡನೋಡುತ್ತಿದ್ದಂತೆ ಆರಡಿ ಹತ್ತಂಗುಲದ ಕಂಬವಾದನು. ಕೈಚಳಕ ಮಾತ್ರ ಹಿಂದಿನದೇ ಉಳಿಯಿತು. ಹದಿನೈದರಲ್ಲಿ ಬರೆದ ಯಾವ ಪಟ್ಟಿ ತಾನೆ ಇದನ್ನು ಕಂಡೀತು?

ಪಟ್ಟಿಗಳೇ ನಿಷ್ಪ್ರಯೋಜಕವೆಂದು ಹೇಳುವವರು ಸ್ಟೀಫನ್ ಕರಿಯವರ ಹೆಸರನ್ನು ಮುಂದಿಡುತ್ತಾರೆ. ಅವರ ತಂದೆ ವೃತ್ತಿಪರ ಆಟಗಾರರಾಗಿದ್ದರೂ ದೊಡ್ಡ ಕಾಲೇಜುಗಳು ಸಣಕಲು ಮೈಯ ಈ ಹುಡುಗನಿಗೆ ವಿದ್ಯಾರ್ಥಿವೇತನ ಕೊಡಲು ಮುಂದಾಗಲಿಲ್ಲ. ಅವರು ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜನ್ನು ಸೇರಿ, 2008ರಲ್ಲಿ ಅದನ್ನು ದೇಶದ ಕೊನೆಯ ಎಂಟು ತಂಡಗಳ ಸಾಲಿಗೆ ಒಯ್ದರು. ಇಂತಹವರು ಮನಸ್ಸಿನಲ್ಲಿ ನಿಲ್ಲುತ್ತಾರೆ. ಆದರೆ ಕರಿಯವರಂತೆಯೇ ಪಟ್ಟಿಯ ಹೊರಗಿದ್ದು ಹೊರಗೇ ಉಳಿದ ಸಾವಿರಾರು ಮಂದಿಯ ಹೆಸರು ನಮಗೆ ಗೊತ್ತಿಲ್ಲ. ಲೆಕ್ಕದ ಸೌಕರ್ಯಕ್ಕಾಗಿ ಹೀಗೆ ಊಹಿಸೋಣ: ಒಂದು ವರ್ಷ ಪಟ್ಟಿಯಲ್ಲಿ 100 ಮಂದಿ, ಹೊರಗೆ 1000 ಮಂದಿ, ಪಟ್ಟಿಯವರಲ್ಲಿ 30 ಮಂದಿಯೂ ಹೊರಗಿನವರಲ್ಲಿ 40 ಮಂದಿಯೂ ಮುಂದೆ ಶ್ರೇಷ್ಠರಾದರು. ಶ್ರೇಷ್ಠರಲ್ಲಿ ಹೆಚ್ಚಿನವರು ಹೊರಗಿನವರೇ ಎಂದು ಒಬ್ಬನು ಮೇಜು ಗುದ್ದಿ ಹೇಳಬಹುದು, ಅದು ಸುಳ್ಳಲ್ಲ. ಆದರೆ ಪಟ್ಟಿಯವನು ಶ್ರೇಷ್ಠನಾಗುವ ಸಂಭವ ನೂರಕ್ಕೆ 30, ಹೊರಗಿನವನದು ನೂರಕ್ಕೆ 4. ಎರಡು ಮಾತುಗಳೂ ಏಕಕಾಲದಲ್ಲಿ ನಿಜ. ಪಟ್ಟಿಯನ್ನು ಅಳೆಯಲು ಬೇಕಾದದ್ದು ಎರಡನೆಯದು.

ಸ್ಥಾನಗಳ ಅಂತರವೂ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಊರಿನ ಜನರನ್ನೆಲ್ಲ ಎತ್ತರದ ಕ್ರಮದಲ್ಲಿ ನಿಲ್ಲಿಸಿದರೆ ಅತ್ಯಂತ ಎತ್ತರದ ಇಬ್ಬರ ನಡುವೆ ಒಂದಂಗುಲದ ಅಂತರವಿದ್ದೀತು. ಸಾಲಿನ ನಡುಭಾಗದಲ್ಲಿ ಅಕ್ಕಪಕ್ಕದವರ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಕಿರಿದು. ಆಟಗಾರರ ಸಾಲೂ ಇಂತಹುದೇ. ಒಂದನೆಯವನಿಗೂ ಹತ್ತನೆಯವನಿಗೂ ಇರುವ ಅಂತರ ಅರವತ್ತನೆಯವನಿಗೂ ಎಪ್ಪತ್ತನೆಯವನಿಗೂ ಇರುವುದಿಲ್ಲ. ಅರವತ್ತನೆಯವನು ತೊಂಬತ್ತನೆಯವನಂತೆ ಆಡಿದರೆ ಅದು ನಿರೀಕ್ಷಾಭಂಗವಲ್ಲ, ಅಳತೆಯ ಒರಟುತನ. 1998ರಿಂದ ಹಲವು ಪರಿಣತರ ಪಟ್ಟಿಗಳನ್ನು ಕೂಡಿಸಿ ಒಂದು ಸಮ್ಮಿಶ್ರ ಪಟ್ಟಿಯನ್ನು ತಯಾರಿಸುವ ಕ್ರಮ ಬಂದಿದೆ. ಒಬ್ಬೊಬ್ಬರ ತಪ್ಪುಗಳು ಪರಸ್ಪರ ಕಳೆದುಹೋಗಲೆಂಬುದು ಇದರ ಉದ್ದೇಶ. ಆದರೆ ಎಲ್ಲ ಪರಿಣತರೂ ಬೇಸಗೆಯ ಅವೇ ಪಂದ್ಯಗಳನ್ನು ನೋಡಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ಬರೆದರೆ, ತಪ್ಪುಗಳು ಕಳೆಯುವ ಬದಲು ಒಂದೇ ಕಡೆಗೆ ವಾಲುತ್ತವೆ.

ಈಚೆಗೆ ಈ ಲೆಕ್ಕಕ್ಕೆ ಹಣದ ತೂಕವೂ ಸೇರಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಗಾಗಿ ಹಣ ಪಡೆಯಬಹುದಾಗಿದೆ. 2025ರ ಜುಲೈಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡುವುದಕ್ಕೂ ಅವಕಾಶವಾಗಿದೆ. ಹದಿನೇಳರಲ್ಲಿ ದೊರೆತ ಒಂದು ಸ್ಥಾನಕ್ಕೆ ಈಗ ಬೆಲೆಯುಂಟು. ಇದರ ಜೊತೆಗೆ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಷ ಕಾಯದೆ ಹೋಗುವ ಸ್ವಾತಂತ್ರ್ಯವೂ ಆಟಗಾರರಿಗೆ ದೊರೆತಿದೆ. ಇದರ ಪರಿಣಾಮ ವಿಚಿತ್ರವಾಗಿದೆ. ಬೇರೆ ಕಾಲೇಜಿನಲ್ಲಿ ಎರಡು ಋತು ಆಡಿ ತೋರಿಸಿದ ಇಪ್ಪತ್ತೊಂದರ ತರುಣನನ್ನು ಕುರಿತ ಅಂದಾಜಿನಲ್ಲಿ ತಪ್ಪು ಕಡಮೆ. ಅವನು ಮೊಳಕೆಯಲ್ಲ, ತೆನೆಗಟ್ಟಿದ ಪೈರು. ಅನೇಕ ತರಬೇತುದಾರರು ತಂಡದಲ್ಲಿ ತೆರವಾದ ಸ್ಥಾನಕ್ಕೆ ಮೊದಲು ಇಂತಹವನನ್ನು ಹುಡುಕುತ್ತಾರೆ. ಪಟ್ಟಿಯ ಅರವತ್ತನೆಯ ಹುಡುಗನಿಗೆ ಹಿಂದೆ ಮೂರು ನಾಲ್ಕು ವರ್ಷಗಳ ಬೆಳವಣಿಗೆಯ ಅವಧಿ ಸಿಗುತ್ತಿತ್ತು. ಈಗ ಎಷ್ಟೋ ವೇಳೆ ಅವನ ತೀರ್ಪು ಮೊದಲ ವರ್ಷದ ಹತ್ತಿಪ್ಪತ್ತು ಪಂದ್ಯಗಳಲ್ಲಿ, ಪಂದ್ಯಕ್ಕೆ ಏಳೆಂಟು ನಿಮಿಷಗಳ ಆಟದ ಮೇಲೆ ಹೊರಬೀಳುತ್ತದೆ.