ವಿದ್ಯಾಗಮ: ವಠಾರಕ್ಕೆ ಇಳಿದು ಬಂದ ಶಾಲೆ

ಕೋವಿಡ್ ಸೋಂಕಿನ ಕಾರಣ 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳ ಪೈಕಿ ಒಂದರಿಂದ ಐದನೇ ತರಗತಿಯವರೆಗಿನ ಕೊಠಡಿಗಳು ಮಕ್ಕಳಿಗಾಗಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ಹತ್ತೊಂಬತ್ತು ತಿಂಗಳ ಅವಧಿಯಲ್ಲಿ ರಾಜ್ಯದ ಶಿಕ್ಷಣ ವ್ಯವಸ್ಥೆಯು ಕಟ್ಟಡವಿಲ್ಲದೆ ಶಾಲೆಯನ್ನು ನಡೆಸಲು ಹಲವು ಪ್ರಯೋಗಗಳನ್ನು ಕೈಗೊಂಡಿತು. ಮೊಬೈಲ್ ಪರದೆ, ದೂರದರ್ಶನದ ಪಾಠ, ವಾಟ್ಸ್‌ಆ್ಯಪ್ ಗುಂಪು, ದೇವಸ್ಥಾನದ ಜಗಲಿ ಎಲ್ಲವೂ ಅದರಲ್ಲಿ ಸೇರಿದ್ದವು. ಈ ಪ್ರಯೋಗಗಳಲ್ಲಿ ಅತ್ಯಂತ ವಿಶಿಷ್ಟವಾದದ್ದು, ಅಲ್ಪಾಯುವಾದರೂ ಗಂಭೀರ ಅಧ್ಯಯನಕ್ಕೆ ಅರ್ಹವಾದದ್ದು, ಸಾರ್ವಜನಿಕ ಶಿಕ್ಷಣ ಇಲಾಖೆಯು 2020ರ ಆಗಸ್ಟ್‌ನಲ್ಲಿ ಆರಂಭಿಸಿದ 'ವಿದ್ಯಾಗಮ' ಎಂಬ ನಿರಂತರ ಕಲಿಕಾ ಕಾರ್ಯಕ್ರಮ. ಪತ್ರಿಕೆಗಳೂ ಪೋಷಕರೂ ಇದನ್ನು 'ವಠಾರ ಶಾಲೆ' ಎಂದೇ ಕರೆದರು.

ವಿದ್ಯಾಗಮದ ಸ್ವರೂಪವನ್ನು ತಿಳಿಯಲು ಅದಕ್ಕೆ ಮುಂಚಿನ ನಾಲ್ಕೈದು ತಿಂಗಳ ಗೊಂದಲವನ್ನು ಅರಿಯುವುದು ಅಗತ್ಯ. ಯುನೆಸ್ಕೊ ಅಂದಾಜಿನಂತೆ ಸೋಂಕಿನ ಮೊದಲ ಅಲೆಯಲ್ಲಿ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಅಡ್ಡಿಯಾಗಿತ್ತು. ಆನ್‌ಲೈನ್ ಶಿಕ್ಷಣ, ಎಂದರೆ ಅಂತರ್ಜಾಲದ ಮೂಲಕ ಶಿಕ್ಷಕರು ಪಾಠ ಹೇಳಿ ಮಕ್ಕಳು ಮನೆಯಲ್ಲೇ ಕುಳಿತು ಕೇಳುವ ಕ್ರಮವೇ, ಎಲ್ಲೆಡೆಯೂ ಮೊದಲು ಹೊಳೆದ ಉಪಾಯ. ಬೆಂಗಳೂರಿನಂಥ ನಗರಗಳ ಖಾಸಗಿ ಶಾಲೆಗಳು ಜೂಮ್, ಗೂಗಲ್ ಮೀಟ್‌ಗಳಲ್ಲಿ ವೇಳಾಪಟ್ಟಿ ಹಾಕಿ ಪಾಠ ಶುರುಮಾಡಿದವು. ಎಳೆಯ ಮಕ್ಕಳನ್ನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವುದು ಸರಿಯೇ ಎಂಬ ಆಕ್ಷೇಪ ಎದ್ದಾಗ ರಾಜ್ಯ ಸರ್ಕಾರವು ಆ ವರ್ಷದ ಜೂನ್‌ನಲ್ಲಿ ಪೂರ್ವಪ್ರಾಥಮಿಕದಿಂದ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿ, ಈ ಬಗ್ಗೆ ವರದಿ ನೀಡಲು ಪ್ರೊ. ಎಂ.ಕೆ. ಶ್ರೀಧರ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಜುಲೈ 8ರಂದು ಕರ್ನಾಟಕ ಹೈಕೋರ್ಟ್, ಇಂಥ ನಿಷೇಧವು ಸಂವಿಧಾನದ 21 ಮತ್ತು 21ಎ ವಿಧಿಗಳು ನೀಡಿರುವ ಜೀವಿಸುವ ಹಾಗೂ ಶಿಕ್ಷಣ ಪಡೆಯುವ ಹಕ್ಕುಗಳನ್ನು ಮೇಲ್ನೋಟಕ್ಕೆ ಮೊಟಕುಗೊಳಿಸುತ್ತದೆಂದು ಅಭಿಪ್ರಾಯಪಟ್ಟು ಸರ್ಕಾರದ ಆದೇಶಗಳಿಗೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯು ಪೂರ್ವಪ್ರಾಥಮಿಕ ಮಕ್ಕಳಿಗೆ ದಿನಕ್ಕೆ ಮೂವತ್ತು ನಿಮಿಷ, ಒಂದರಿಂದ ಎಂಟನೇ ತರಗತಿಯವರಿಗೆ ಮೂವತ್ತರಿಂದ ನಲವತ್ತೈದು ನಿಮಿಷಗಳ ಎರಡು ಅವಧಿ ಎಂಬ ಮಿತಿಯನ್ನು ಸೂಚಿಸಿತು. ನ್ಯಾಯಾಲಯದಲ್ಲೂ ಸಮಿತಿಯಲ್ಲೂ ನಡೆದ ಈ ಚರ್ಚೆಯೆಲ್ಲ ಬಹುಮಟ್ಟಿಗೆ ಫೋನ್ ಇರುವ ಮನೆಗಳ ಕುರಿತಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಸರ್ಕಾರಿ ಶಾಲೆಯ ಮಕ್ಕಳ ಪಾಲಿಗೆ ಪ್ರಶ್ನೆ ಬೇರೆಯೇ ಇತ್ತು. ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದೂ ಬೆಳಗ್ಗೆ ಕೆಲಸಕ್ಕೆ ಹೋಗುವ ತಂದೆಯ ಜೇಬಿನಲ್ಲಿ, ಮನೆಯಲ್ಲಿ ಓದುವ ಮಕ್ಕಳು ಮೂವರು ಎಂಬ ಸ್ಥಿತಿಯಲ್ಲಿ ಬೆಳಗಿನ ಹತ್ತು ಗಂಟೆಯ ನೇರ ಪಾಠಕ್ಕೆ ಅರ್ಥವೇ ಇರಲಿಲ್ಲ. ಆದ್ದರಿಂದ ಬಹುಪಾಲು ಶಿಕ್ಷಕರು ನೇರ ಪಾಠದ ಗೋಜಿಗೆ ಹೋಗದೆ ವಾಟ್ಸ್‌ಆ್ಯಪ್ ಗುಂಪುಗಳನ್ನು ಮಾಡಿಕೊಂಡರು. ಬೆಳಗ್ಗೆ ಪಾಠದ ಪುಟವನ್ನೋ ಧ್ವನಿ ಸಂದೇಶವನ್ನೋ ಹಾಕುವುದು, ಸಂಜೆ ತಂದೆ ಮನೆಗೆ ಬಂದ ಮೇಲೆ ಮಗು ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ತೆಗೆದು ಕಳಿಸುವುದು, ರಾತ್ರಿ ಊಟವಾದ ನಂತರ ಶಿಕ್ಷಕರು ಆ ಮಸುಕು ಚಿತ್ರಗಳನ್ನು ಬೆರಳಿನಿಂದ ಹಿಗ್ಗಿಸಿ ಒತ್ತಕ್ಷರದ ತಪ್ಪುಗಳನ್ನು ಹುಡುಕುವುದು ದಿನಚರಿಯಾಯಿತು. ಪಠ್ಯಪುಸ್ತಕಗಳಲ್ಲಿ ಮುದ್ರಿತವಾಗಿದ್ದ ಕ್ಯೂಆರ್ ಕೋಡ್, ಎಂದರೆ ಮೊಬೈಲ್ ಕ್ಯಾಮೆರಾ ಹಿಡಿದರೆ ಪಾಠದ ವಿಡಿಯೊ ತೆರೆದುಕೊಳ್ಳುವ ಚೌಕಾಕಾರದ ಗುರುತು, ಮಕ್ಕಳನ್ನು 'ದೀಕ್ಷಾ' ಎಂಬ ರಾಷ್ಟ್ರೀಯ ಜಾಲತಾಣಕ್ಕೆ ಒಯ್ಯುತ್ತಿತ್ತು. ಅದಕ್ಕೂ ನೆಟ್‌ವರ್ಕ್ ಬೇಕು, ಡೇಟಾ ಬೇಕು.

ಫೋನ್ ಇಲ್ಲದವರನ್ನು ತಲುಪಲು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು 2020ರ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಮಾಲೆಯನ್ನು ಆರಂಭಿಸಿತು. ಮೊದಲಿಗೆ ಎಂಟರಿಂದ ಹತ್ತನೇ ತರಗತಿಯವರಿಗಾಗಿ ರೂಪಿಸಿದ ಈ ಪಾಠಗಳು 'ಸೇತುಬಂಧ'ದಿಂದ, ಅಂದರೆ ಹಿಂದಿನ ತರಗತಿಯಲ್ಲಿ ಕಲಿತದ್ದನ್ನು ಹೊಸ ತರಗತಿಯ ಪಾಠಕ್ಕೆ ಜೋಡಿಸುವ ಆರಂಭಿಕ ಪುನರಾವರ್ತನೆಯಿಂದ ತೊಡಗಿದವು. ಟಿ.ವಿ. ಎಲ್ಲರ ಮನೆಯಲ್ಲೂ ಇದೆ ಎಂಬುದು ಈ ಯೋಜನೆಯ ತಳಹದಿಯಾಗಿತ್ತು. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ತಾಯಿಯೊಬ್ಬರು ಮಕ್ಕಳಿಗೆ ಈ ಪಾಠ ತಪ್ಪಬಾರದೆಂದು ತಾಳಿಯನ್ನೇ ಅಡವಿಟ್ಟು ಟಿ.ವಿ. ಕೊಂಡ ಸುದ್ದಿ ಅದೇ ತಿಂಗಳ ಕೊನೆಗೆ ಪತ್ರಿಕೆಗಳಲ್ಲಿ ಪ್ರಕಟವಾದಾಗ ಆ ತಳಹದಿ ಎಷ್ಟು ಗಟ್ಟಿ ಎಂಬುದು ಎಲ್ಲರಿಗೂ ತಿಳಿಯಿತು. ಟಿ.ವಿ. ಇದ್ದ ಮನೆಗಳಲ್ಲೂ ಪಾಠ ಏಕಮುಖವಾಗಿಯೇ ಉಳಿಯಿತು. ಬೀಜಗಣಿತದ ಎರಡನೇ ಹೆಜ್ಜೆಯಲ್ಲಿ ಕೈ ಎತ್ತಿದ ಹುಡುಗಿಯನ್ನು ತೆರೆಯೊಳಗಿನ ಶಿಕ್ಷಕರು ನೋಡಲಾರರು.

ಈ ಹಿನ್ನೆಲೆಯಲ್ಲಿ ಬಂದ ವಿದ್ಯಾಗಮದ ಹೆಚ್ಚುಗಾರಿಕೆ ಇರುವುದು ಅದರ ಮೊದಲ ಹೆಜ್ಜೆಯಲ್ಲಿ. ಪಾಠ ಹೇಳುವ ವಿಧಾನವನ್ನು ಮೊದಲೇ ನಿಗದಿಪಡಿಸಿ ಅದಕ್ಕೆ ಮಕ್ಕಳನ್ನು ಹೊಂದಿಸುವ ಬದಲು, ಯಾವ ಮಗುವಿನ ಮನೆಯಲ್ಲಿ ಏನಿದೆ ಎಂದು ಕೇಳಿ ತಿಳಿದು, ಅದರ ಮೇಲೆ ವಿಧಾನವನ್ನು ನಿರ್ಧರಿಸುವ ಕ್ರಮವನ್ನು ಅದು ಅನುಸರಿಸಿತು. ಶಿಕ್ಷಕರು ಮನೆಮನೆಗೆ ಹೋಗಿಯೋ ಕರೆ ಮಾಡಿಯೋ ಸಂಗ್ರಹಿಸಿದ ಮಾಹಿತಿಯ ಆಧಾರದಲ್ಲಿ ಮಕ್ಕಳನ್ನು ಮೂರು 'ಕಾಲ್ಪನಿಕ ಕೊಠಡಿ'ಗಳಾಗಿ ವಿಂಗಡಿಸಲಾಯಿತು. ಗೋಡೆಗಳಿಲ್ಲದ, ಪಟ್ಟಿಯ ಮೇಲಷ್ಟೇ ಇರುವ ಈ ಕೊಠಡಿಗಳಲ್ಲಿ ಒಂದು ಯಾವ ಬಗೆಯ ಫೋನೂ ಇಲ್ಲದ ಮಕ್ಕಳದು, ಇನ್ನೊಂದು ಇಂಟರ್ನೆಟ್ ಇಲ್ಲದ ಸಾಧಾರಣ ಫೋನ್ ಇರುವ ಮನೆಗಳ ಮಕ್ಕಳದು, ಮತ್ತೊಂದು ಸ್ಮಾರ್ಟ್‌ಫೋನ್, ಟ್ಯಾಬ್ ಅಥವಾ ಕಂಪ್ಯೂಟರ್ ಜೊತೆಗೆ ಇಂಟರ್ನೆಟ್ ಸೌಲಭ್ಯವೂ ಇರುವವರದು. ಮೂರನೆಯವರಿಗೆ ವಿಡಿಯೊ ಮತ್ತು ಅಭ್ಯಾಸ ಹಾಳೆ, ಎರಡನೆಯವರಿಗೆ ಕರೆ ಮತ್ತು ಸಂದೇಶ, ಮೊದಲನೆಯವರಿಗೆ ಶಿಕ್ಷಕರ ಭೇಟಿ.

ಎರಡನೆಯ ಹೆಜ್ಜೆ ಭೌಗೋಳಿಕವಾದದ್ದು. ತರಗತಿವಾರು ವಿಭಾಗವನ್ನು ಬದಿಗಿಟ್ಟು, ಒಂದೇ ಓಣಿ, ಕೇರಿ ಅಥವಾ ತಾಂಡಾದಲ್ಲಿ ವಾಸಿಸುವ ಇಪ್ಪತ್ತರಿಂದ ಇಪ್ಪತ್ತೈದು ಮಕ್ಕಳನ್ನು ಒಂದು ಗುಂಪಾಗಿಸಿ, ಆ ಗುಂಪಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರನ್ನು ನೇಮಿಸಲಾಯಿತು. ಗಣಿತದ ಶಿಕ್ಷಕರಾದರೂ ತಮ್ಮ ಗುಂಪಿನ ಮಗುವಿನ ಕನ್ನಡ, ಪರಿಸರ ಅಧ್ಯಯನ, ಆರೋಗ್ಯ ಎಲ್ಲದರ ಮೇಲೂ ಅವರೇ ನಿಗಾ ಇಡಬೇಕಾಗಿತ್ತು. ಅರಳಿಕಟ್ಟೆ, ಸಮುದಾಯ ಭವನ, ಗುಡಿಯ ಪ್ರಾಂಗಣ, ಯಾರದೋ ಮನೆಯ ಪಡಸಾಲೆ, ಹೊಂಗೆ ಮರದ ನೆರಳು ಹೀಗೆ ಊರಲ್ಲಿ ಸಿಕ್ಕ ಜಾಗವೇ ತರಗತಿಯಾಯಿತು. ಮುಖಗವಸು ತೊಟ್ಟ ಮಕ್ಕಳು ನೆಲದ ಮೇಲೆ ಬರೆದ ಸುಣ್ಣದ ವೃತ್ತಗಳಲ್ಲಿ ಅಂತರವಿಟ್ಟು ಕುಳಿತು, ಹಿಂದಿನ ವಾರ ಕೊಟ್ಟ ಹಾಳೆಗಳನ್ನು ಒಪ್ಪಿಸಿ ಮುಂದಿನ ವಾರದ ಕೆಲಸವನ್ನು ಪಡೆಯುತ್ತಿದ್ದರು. ತಿದ್ದಿದ ಹಾಳೆಗಳು ಮಗುವಿನ 'ಕೃತಿಸಂಪುಟ'ಕ್ಕೆ, ಅಂದರೆ ವರ್ಷವಿಡೀ ಮಗು ಬರೆದದ್ದು, ಚಿತ್ರಿಸಿದ್ದು, ಮಾಡಿದ್ದನ್ನು ಕೂಡಿಡುವ ಕಡತಕ್ಕೆ ಸೇರುತ್ತಿದ್ದವು. ಪರೀಕ್ಷೆ ನಡೆಯುವುದೇ ಅನಿಶ್ಚಿತವಾಗಿದ್ದ ಆ ವರ್ಷ ಮಗುವಿನ ಕಲಿಕೆಗೆ ಇದ್ದ ಮುಖ್ಯ ಸಾಕ್ಷ್ಯವೂ ಅದೇ.

ವಠಾರ ಶಾಲೆ ರಾಜ್ಯದ ಕಿರಿಯ ತರಗತಿಗಳಿಗೆ ಏಕೆ ಒಗ್ಗಿತು ಎಂಬುದಕ್ಕೆ ಉತ್ತರ 'ನಲಿಕಲಿ' ಪದ್ಧತಿಯಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭಗೊಂಡು ಮುಂದೆ ರಾಜ್ಯವ್ಯಾಪಿಯಾದ ಈ ಚಟುವಟಿಕೆ ಆಧಾರಿತ ಕ್ರಮದಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಬೆರೆತು, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲುಗಳನ್ನು ಹತ್ತುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರಿಂದ ಹಿಡಿದು ತಾವಾಗಿಯೇ ಕಲಿಯಬಲ್ಲವರವರೆಗೆ ಐದು ಗುಂಪುಗಳಿರುತ್ತವೆ. ಅವುಗಳನ್ನು 'ತಟ್ಟೆ'ಗಳೆಂದು ಕರೆಯುವುದು ರೂಢಿ. ಮಕ್ಕಳು ಮಾಡಿದ ಕೆಲಸವನ್ನು ಕೊಠಡಿಯ ಮೇಲ್ಭಾಗದಲ್ಲಿ ದಾರ ಕಟ್ಟಿದ 'ಚಪ್ಪರ'ಕ್ಕೆ ತೂಗುಹಾಕಲಾಗುತ್ತದೆ. ಕಾರ್ಡು ಮುಟ್ಟಿ, ಕಲ್ಲು ಎಣಿಸಿ, ಪಕ್ಕದವನನ್ನು ಕೇಳಿ ಕಲಿಯುವ ಈ ವ್ಯವಸ್ಥೆಯನ್ನು ಆರು ಇಂಚಿನ ಪರದೆಯೊಳಗೆ ಇಳಿಸುವುದು ಸಾಧ್ಯವಿರಲಿಲ್ಲ. ಆದರೆ ಒಂದೇ ಓಣಿಯ ಬೇರೆಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ನಡೆಸಿದ ವಿದ್ಯಾಗಮದ ಗುಂಪು ನಲಿಕಲಿ ಕೊಠಡಿಯ ರಚನೆಗೆ ತೀರ ಹತ್ತಿರವಾಗಿತ್ತು. ಬಹುವರ್ಗ ಬೋಧನೆ ಎಂಬುದು, ಎಂದರೆ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಏಕಕಾಲಕ್ಕೆ ನಿಭಾಯಿಸುವುದು, ಗ್ರಾಮೀಣ ಶಿಕ್ಷಕರಿಗೆ ಹೊಸ ವಿದ್ಯೆಯೂ ಆಗಿರಲಿಲ್ಲ. ಬಡತನದ ಅನಿವಾರ್ಯತೆ ಎಂದು ಹೀಗಳೆಯಲಾಗುತ್ತಿದ್ದ ಕೌಶಲವೊಂದು ಸಂಕಟದ ಕಾಲದಲ್ಲಿ ವ್ಯವಸ್ಥೆಯ ಆಧಾರವಾಗಿ ನಿಂತದ್ದು ಶಿಕ್ಷಣ ಇತಿಹಾಸಕಾರರು ದಾಖಲಿಸಬೇಕಾದ ಸಂಗತಿ.

ಈ ಕ್ರಮಕ್ಕೆ ಅಪಾಯವೂ ಇತ್ತು, ಅದು ಬೇಗನೇ ಎದುರಾಯಿತು. ಸೋಂಕು ಏರುಗತಿಯಲ್ಲಿದ್ದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶಿಕ್ಷಕರು ಊರೂರು ಸುತ್ತಬೇಕಾಯಿತು. ಕೆಲವೆಡೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಮತ್ತು ಶಿಕ್ಷಕರು ಸಾವಿಗೀಡಾದ ವರದಿಗಳು ಬಂದವು. ಅಂದಿನ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ 2020ರ ಅಕ್ಟೋಬರ್ 10ರಂದು ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಿದರು. 2021ರ ಜನವರಿ 1ರಂದು ಅದು ಆರರಿಂದ ಒಂಬತ್ತನೇ ತರಗತಿಯವರಿಗಾಗಿ ಪರಿಷ್ಕೃತ ರೂಪದಲ್ಲಿ ಮರಳಿತಾದರೂ ನಡೆದದ್ದು ಶಾಲಾ ಆವರಣದಲ್ಲಿ. ವಠಾರದ ಅಂಶ ಅಲ್ಲಿಗೆ ಬಹುಪಾಲು ಮುಗಿದಿತ್ತು. ಶಿಕ್ಷಕರಿಗೆ ಸಾಕಷ್ಟು ರಕ್ಷಣೆ ಒದಗಿಸದೆ ಅವರನ್ನು ಬೀದಿಗಿಳಿಸಿದ್ದು ಈ ಯೋಜನೆಯ ದೊಡ್ಡ ಲೋಪ ಎಂದೇ ಹೇಳಬೇಕಾಗುತ್ತದೆ. ಹಾಗೆಂದು ಅದನ್ನು ಆನ್‌ಲೈನ್ ಪಾಠಕ್ಕೆ ಸಮರ್ಥನೆಯಾಗಿ ಬಳಸುವುದೂ ತರವಲ್ಲ.

ಏಕೆಂದರೆ ಎರಡನೆಯ ಅಲೆಯಲ್ಲಿ, 2021ರ ಮಳೆಗಾಲದಲ್ಲಿ, ವಿದ್ಯಾಗಮವಿಲ್ಲದ ಆನ್‌ಲೈನ್ ಶಿಕ್ಷಣ ಹೇಗಿರುತ್ತದೆ ಎಂಬುದನ್ನು ಮಲೆನಾಡು ಮತ್ತು ಕರಾವಳಿ ಕಂಡವು. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಮಗಳು ಪಾಠ ಕೇಳುತ್ತ ಕುಳಿತಿದ್ದರೆ, ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರ ಆ ಜೂನ್‌ನಲ್ಲಿ ನಾಡಿನಾಚೆಗೂ ಹರಡಿತು. ಕೊಡಗಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮಾವಿನ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಪಾಠ ಮಾಡಿದರು. ಇಂಥ ಪ್ರಸಂಗಗಳನ್ನು ಛಲದ ಕಥೆಗಳೆಂದು ಕೊಂಡಾಡುವುದು ಸುಲಭ. ಮಗು ಮಳೆಯಲ್ಲಿ ಕುಳಿತು ಕಲಿಯಬೇಕಾದದ್ದು ವ್ಯವಸ್ಥೆಯ ಸೋಲು ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕ.

ಕಲಿಕೆಯ ನಷ್ಟವನ್ನು ಅಳೆದ ಅಧ್ಯಯನಗಳ ಪೈಕಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ವರದಿ ಮುಖ್ಯವಾದದ್ದು. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಒಳಗೊಂಡ ಆ ಅಧ್ಯಯನದ ಪ್ರಕಾರ, ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ಸರಾಸರಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ಗಳಿಸಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ ಶೇ 82ರಷ್ಟು ಮಂದಿ ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಹೊಸ ಪಾಠ ತಪ್ಪಿದ್ದು ಒಂದು ನಷ್ಟ. ಓದಲು ಬರುತ್ತಿದ್ದ ಮಗು ಓದುವುದನ್ನೇ ಮರೆತದ್ದು ಅದಕ್ಕಿಂತ ಆಳವಾದ ಇನ್ನೊಂದು ನಷ್ಟ. ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆಯ ಪಡಿ ಹಂಚಿದರೂ ಮಧ್ಯಾಹ್ನದ ಆ ಸಹಪಂಕ್ತಿಯೂ ಇಲ್ಲವಾಯಿತು. ಈ ಹಿನ್ನಡೆಯನ್ನು ಸರಿಪಡಿಸಲು ರಾಜ್ಯವು 2022–23ನೇ ಸಾಲನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಹೆಸರಿಸಿ, ಶಾಲೆಗಳನ್ನು ಮೇ 16ಕ್ಕೇ ಆರಂಭಿಸಿ, ಹಿಂದಿನ ವರ್ಷಗಳ ಕಲಿಕಾ ಫಲಗಳನ್ನು ಒಳಗೊಂಡ ಹಾಳೆಗಳ ಮೂಲಕ ಬೋಧನೆ ನಡೆಸಿತು.

ವಿದ್ಯಾಗಮ ಈಗ ಕಡತದಲ್ಲಿದೆ. ಅದರ ಒಂದು ಭಾಗವನ್ನಾದರೂ ಅಲ್ಲಿಂದ ಹೊರತೆಗೆಯುವುದು ಅಗತ್ಯ. ಸಾಂಕ್ರಾಮಿಕವಿಲ್ಲದ ವರ್ಷಗಳಲ್ಲೂ ಕೊಡಗು, ಮಲೆನಾಡು, ಕರಾವಳಿಯಲ್ಲಿ ಮಳೆಯಿಂದಾಗಿ, ಕೃಷ್ಣಾ ತೀರದಲ್ಲಿ ನೆರೆಯಿಂದಾಗಿ ಶಾಲೆಗಳು ದಿನಗಟ್ಟಲೆ ಮುಚ್ಚುತ್ತವೆ. ಪ್ರತಿ ಜೂನ್‌ನಲ್ಲಿ ದಾಖಲಾತಿಯ ಜೊತೆಗೇ ಯಾವ ಮಗುವಿನ ಮನೆಯಲ್ಲಿ ಯಾವ ಫೋನಿದೆ, ಅದು ಮಗುವಿನ ಕೈಗೆ ಯಾವಾಗ ಸಿಗುತ್ತದೆ, ಯಾವ ಓಣಿಯ ಮಕ್ಕಳಿಗೆ ಯಾವ ಶಿಕ್ಷಕರು ಹೊಣೆ ಎಂಬ ವಠಾರವಾರು ಪಟ್ಟಿಯನ್ನು ಪ್ರತಿ ಶಾಲೆಯೂ ಸಿದ್ಧಪಡಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿಡುವಂತೆ ಇಲಾಖೆ ಆದೇಶಿಸಬೇಕು. ಇದಕ್ಕೆ ಹೊಸ ಅನುದಾನವಾಗಲಿ ಹೊಸ ಆ್ಯಪ್ ಆಗಲಿ ಬೇಕಿಲ್ಲ. 2020ರಲ್ಲಿ ಒಮ್ಮೆ ಈ ಪಟ್ಟಿಯನ್ನು ಮಾಡಿದ ಶಿಕ್ಷಕರಲ್ಲಿ ಬಹಳಷ್ಟು ಮಂದಿ ಇನ್ನೂ ಸೇವೆಯಲ್ಲಿದ್ದಾರೆ.