ಗಿಟಾರ್ ಟ್ಯಾಬ್ಲೇಚರ್‌ನಲ್ಲಿ ಲಯಸೂಚನೆ

ಗಿಟಾರ್ ಟ್ಯಾಬ್ಲೇಚರ್ ಅಥವಾ ಟ್ಯಾಬ್ ಎಂಬುದು ಸ್ವರದ ಹೆಸರಿಗೆ ಬದಲಾಗಿ ಬೆರಳಿಡಬೇಕಾದ ಸ್ಥಾನವನ್ನು ತೋರಿಸುವ ಸಂಗೀತಲಿಪಿ. ಇದರ ಆರು ಅಡ್ಡಗೆರೆಗಳು ಆರು ತಂತಿಗಳನ್ನು ಪ್ರತಿನಿಧಿಸುತ್ತವೆ. ಎಲ್ಲಕ್ಕಿಂತ ಮೇಲಿನ ಗೆರೆ ಅತ್ಯಂತ ತೆಳುವಾದ ತಂತಿಯದು. ಗೆರೆಯ ಮೇಲಿನ ಅಂಕಿ ಫ್ರೆಟ್‌ನ ಸಂಖ್ಯೆಯಾಗಿದ್ದು, 0 ಎಂದರೆ ತಂತಿಯನ್ನು ಒತ್ತದೆ ಮೀಟಬೇಕು. ಈ ಅಂಕಿಗಳು ಸ್ವರಸ್ಥಾನವನ್ನು ತಿಳಿಸುತ್ತವೆಯೇ ಹೊರತು ಸ್ವರದ ಕಾಲಾವಧಿಯನ್ನಲ್ಲ. ಆದುದರಿಂದ ಲಯವನ್ನು ಸೂಚಿಸಲು ಪ್ರತ್ಯೇಕ ಚಿಹ್ನೆಗಳು ಬೇಕಾಗುತ್ತವೆ.

ಇತಿಹಾಸ

ಯುರೋಪಿನ ಲ್ಯೂಟ್ ವಾದ್ಯದ ಹಳೆಯ ಟ್ಯಾಬ್ಲೇಚರ್‌ಗಳಲ್ಲಿ ಗೆರೆಗಳ ಮೇಲ್ಭಾಗದಲ್ಲಿ ಕಾಲಾವಧಿಯ ಚಿಹ್ನೆಗಳಿರುತ್ತಿದ್ದವು. ಒಟ್ಟಾವಿಯಾನೊ ಪೆಟ್ರುಚಿ 1507ರಲ್ಲಿ ವೆನಿಸ್‌ನಲ್ಲಿ ಮುದ್ರಿಸಿದ ಫ್ರಾಂಚೆಸ್ಕೊ ಸ್ಪಿನಾಚಿನೊನ ಲ್ಯೂಟ್ ಸಂಪುಟಗಳು ಇದಕ್ಕೆ ಉದಾಹರಣೆ. ಕಂಪ್ಯೂಟರಿನ ಕೀಲಿಮಣೆಯಿಂದ ಬರೆಯುವ ಸರಳ ಟ್ಯಾಬ್‌ಗಳಲ್ಲಿ ಈ ಚಿಹ್ನೆಗಳು ಸಾಮಾನ್ಯವಾಗಿ ಇರುವುದಿಲ್ಲ; ಅಂಕಿಗಳ ನಡುವಿನ ಅಂತರವೇ ಲಯದ ಸ್ಥೂಲ ಸುಳಿವಾಗಿರುತ್ತದೆ.

ಚಿಹ್ನೆಗಳು

ಲಯಸಹಿತ ಟ್ಯಾಬ್‌ಗಳಲ್ಲಿ ಅಂಕಿಯ ಕೆಳಗೆ ಅಥವಾ ಮೇಲೆ ಸಣ್ಣ ಕಡ್ಡಿಯನ್ನು ಎಳೆಯಲಾಗುತ್ತದೆ. 4/4 ತಾಳದಲ್ಲಿ ಬರಿಯ ಕಡ್ಡಿ ಒಂದು ಬೀಟ್ ಅವಧಿಯನ್ನೂ, ಒಂದು ಪಟ್ಟಿಯಿಂದ ಜೋಡಿಸಿದ ಕಡ್ಡಿಗಳು ತಲಾ ಅರ್ಧ ಬೀಟನ್ನೂ, ಎರಡು ಪಟ್ಟಿಗಳಿಂದ ಜೋಡಿಸಿದವು ತಲಾ ಕಾಲು ಬೀಟನ್ನೂ ಸೂಚಿಸುತ್ತವೆ. ಕಡ್ಡಿಯ ಪಕ್ಕದ ಚುಕ್ಕೆ ಅವಧಿಯನ್ನು ಒಂದೂವರೆಪಟ್ಟು ಮಾಡುತ್ತದೆ. ಲಂಬಗೆರೆಗಳು ತಾಳದ ಆವರ್ತಗಳನ್ನು ಬೇರ್ಪಡಿಸುತ್ತವೆ.

ಎಣಿಕೆ

ಪ್ರತಿ ಬೀಟನ್ನು ಎರಡಾಗಿ ವಿಭಜಿಸಿದಾಗ ‘ಒನ್ ಅಂಡ್ ಟು ಅಂಡ್’ ಎಂದೂ, ನಾಲ್ಕಾಗಿ ವಿಭಜಿಸಿದಾಗ ‘ಒನ್ ಈ ಅಂಡ್ ಅ’ ಎಂದೂ ಸಮಗತಿಯಲ್ಲಿ ಎಣಿಸುವುದು ರೂಢಿ. ಉದಾಹರಣೆಗೆ, ಒಂದೇ ತಂತಿಯ ಮೇಲೆ 0, 2, 4, 5, 4, 2 ಎಂಬ ಆರು ಅಂಕಿಗಳಿವೆ ಎಂದಿಟ್ಟುಕೊಳ್ಳಬಹುದು. ಮೊದಲ ಎರಡು ಒಂದೊಂದು ಬೀಟಿನವೂ ಉಳಿದ ನಾಲ್ಕು ಅರ್ಧ ಬೀಟಿನವೂ ಆದರೆ ‘ಒನ್, ಟು, ಥ್ರೀ ಅಂಡ್ ಫೋರ್ ಅಂಡ್’ ಎಂಬ ಎಣಿಕೆಯಲ್ಲಿ ನುಡಿಸಬೇಕು. ಮೊದಲ ನಾಲ್ಕು ಅರ್ಧ ಬೀಟಿನವೂ ಕೊನೆಯ ಎರಡು ಒಂದೊಂದು ಬೀಟಿನವೂ ಆದರೆ ಎಣಿಕೆ ‘ಒನ್ ಅಂಡ್ ಟು ಅಂಡ್, ಥ್ರೀ, ಫೋರ್’ ಆಗುತ್ತದೆ. ಎರಡೂ ನಾಲ್ಕು ಬೀಟುಗಳನ್ನೇ ತುಂಬುತ್ತವೆ, ಬೆರಳಿನ ಸ್ಥಾನಗಳೂ ಒಂದೇ. ಆದರೆ ಕೇಳಿಬರುವ ಧಾಟಿ ಬೇರೆ.

ಮೌನದ ಅವಧಿಯಲ್ಲಿಯೂ ಎಣಿಕೆ ನಿಲ್ಲುವುದಿಲ್ಲ. ಬಲಗೈಯಿಂದ ಮೀಟದೆ, ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಹೊರಡಿಸುವ ಹ್ಯಾಮರ್-ಆನ್ ಸ್ವರಕ್ಕೂ ತನ್ನದೇ ಅವಧಿಯಿದ್ದು, ಅದನ್ನೂ ಎಣಿಕೆಯಲ್ಲಿ ಸೇರಿಸಬೇಕಾಗುತ್ತದೆ.

ಮಿತಿಗಳು

ಲಯಚಿಹ್ನೆಗಳಿಲ್ಲದ ಟ್ಯಾಬ್ ಪರಿಚಿತ ಗೀತೆಯ ಬೆರಳುಸ್ಥಾನಗಳನ್ನು ನೆನಪಿಸಿಕೊಳ್ಳಲು ಸಾಕಾಗುತ್ತದೆ. ಹಿಂದೆಂದೂ ಕೇಳಿರದ ಕೃತಿಯನ್ನು ಅದರಿಂದ ನಿಖರವಾಗಿ ನುಡಿಸಲಾಗದು. ಈ ಕೊರತೆಯನ್ನು ನೀಗಿಸಲು ಅನೇಕ ಮುದ್ರಿತ ಪುಸ್ತಕಗಳಲ್ಲಿ ಟ್ಯಾಬ್‌ನ ಮೇಲೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನೂ ಕೊಡಲಾಗುತ್ತದೆ; ಓದುಗರು ಸ್ಥಾನವನ್ನು ಕೆಳಗಿನಿಂದಲೂ ಕಾಲಾವಧಿಯನ್ನು ಮೇಲಿನಿಂದಲೂ ತಿಳಿಯಬಹುದು.