ಸ್ಮಾರಕ ಮತ್ತು ಭೂಗತ ಗಣಿ: ಒಂದೇ ದಿನದ ಮಾರ್ಗದರ್ಶಕ ಸಹಿತ ಪ್ರವಾಸದಲ್ಲಿ ಕಾಲ, ಕ್ರಮ ಮತ್ತು ಗೌರವ

ರಾಜ್ಯದ ಅನೇಕ ಗ್ರಾಮ ಪಂಚಾಯತಿಗಳ ವ್ಯಾಪ್ತಿಯಲ್ಲಿ ಹುತಾತ್ಮರ ಸ್ಮಾರಕಗಳು, ವೀರಗಲ್ಲುಗಳು, ಗುಹೆಗಳು ಹಾಗೂ ಪುರಾತನ ಸುರಂಗ ಬಾವಿಗಳಿವೆ. ಪ್ರವಾಸ ಏರ್ಪಡಿಸುವವರು ಇಂತಹ ಎರಡು ಮೂರು ಸ್ಥಳಗಳನ್ನು ಒಂದೇ ದಿನಕ್ಕೆ ಜೋಡಿಸುವುದು ಸಾಮಾನ್ಯ. ಹಾಗೆ ಜೋಡಿಸಿದಾಗ ಮಡಿದವರನ್ನು ನೆನೆಯುವ ಸ್ಥಳಕ್ಕೂ ಬೆರಗಿನಿಂದ ನೋಡುವ ಸ್ಥಳಕ್ಕೂ ಒಂದೇ ಅಳತೆ ಸಲ್ಲುವುದೇ ಎಂಬ ಪ್ರಶ್ನೆ ಏಳುತ್ತದೆ. ಈ ವಿಷಯದಲ್ಲಿ ದೀರ್ಘ ಅನುಭವವಿರುವ ಪೋಲೆಂಡ್ ದೇಶದ ಉದಾಹರಣೆಯನ್ನು ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಎರಡು ಸ್ಥಳಗಳ ಪರಿಚಯ

ಪೋಲೆಂಡಿನ ದಕ್ಷಿಣ ಭಾಗದಲ್ಲಿರುವ ಕ್ರಾಕೋವ್ ನಗರದಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ ಓಶ್ವಿಯೆಂಚಿಮ್ ಎಂಬ ಪಟ್ಟಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಆಡಳಿತವು ಈ ಪಟ್ಟಣಕ್ಕೆ ಆಶ್‌ವಿಟ್ಜ್ ಎಂಬ ಜರ್ಮನ್ ಹೆಸರನ್ನಿಟ್ಟು, 1940ರ ಜೂನ್‌ನಲ್ಲಿ ಇಲ್ಲಿ ಬಂಧನ ಶಿಬಿರವನ್ನು ಆರಂಭಿಸಿತು. 1941ರಲ್ಲಿ ಪಕ್ಕದ ಬ್ಜೆಜಿಂಕಾ ಗ್ರಾಮದಲ್ಲಿ ಬಿರ್ಕೆನೌ ಎಂಬ ಹೆಸರಿನ ಇನ್ನೂ ದೊಡ್ಡ ಶಿಬಿರದ ನಿರ್ಮಾಣ ಮೊದಲಾಯಿತು. ಐದು ವರ್ಷಗಳಿಗೂ ಕಡಿಮೆ ಅವಧಿಯಲ್ಲಿ ಸುಮಾರು 13 ಲಕ್ಷ ಜನರನ್ನು ಇಲ್ಲಿಗೆ ಸಾಗಿಸಲಾಯಿತು. ಅವರಲ್ಲಿ ಸುಮಾರು 11 ಲಕ್ಷ ಜನರು ಪ್ರಾಣ ಕಳೆದುಕೊಂಡರು. ಮಡಿದವರಲ್ಲಿ ಬಹುಪಾಲು ಜನರು ಯುರೋಪಿನ ನಾನಾ ದೇಶಗಳಿಂದ ತರಲ್ಪಟ್ಟ ಯಹೂದಿಗಳು. ಪೋಲೆಂಡಿನ ಪ್ರಜೆಗಳು, ರೋಮಾ ಸಮುದಾಯದವರು ಹಾಗೂ ಸೋವಿಯತ್ ಯುದ್ಧಕೈದಿಗಳೂ ಸಾವಿರಾರು ಸಂಖ್ಯೆಯಲ್ಲಿ ಹತರಾದರು. 1945ರ ಜನವರಿ 27ರಂದು ಸೋವಿಯತ್ ಸೇನೆ ಶಿಬಿರವನ್ನು ತಲುಪಿದಾಗ ಅಲ್ಲಿ ಬದುಕುಳಿದಿದ್ದವರು ಸುಮಾರು 7,000 ಮಂದಿ. 1947ರಲ್ಲಿ ಪೋಲೆಂಡಿನ ಸಂಸತ್ತು ಶಾಸನದ ಮೂಲಕ ಈ ಸ್ಥಳವನ್ನು ಸ್ಮಾರಕ ವಸ್ತುಸಂಗ್ರಹಾಲಯವೆಂದು ಘೋಷಿಸಿತು. 1979ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕ್ರಾಕೋವ್ ನಗರದ ಇನ್ನೊಂದು ದಿಕ್ಕಿನಲ್ಲಿ, ಆಗ್ನೇಯಕ್ಕೆ ಸುಮಾರು 14 ಕಿಲೋಮೀಟರ್ ದೂರದಲ್ಲಿ, ವಿಯೆಲಿಚ್ಕಾ ಉಪ್ಪಿನ ಗಣಿ ಇದೆ. 13ನೆಯ ಶತಮಾನದಿಂದ ಇಲ್ಲಿ ನೆಲದಡಿಯ ಕಲ್ಲುಪ್ಪನ್ನು ತೆಗೆಯಲಾಗುತ್ತಿತ್ತು. ಗಣಿಯು ಒಂಬತ್ತು ಹಂತಗಳಲ್ಲಿ 327 ಮೀಟರ್ ಆಳದವರೆಗೆ ಇಳಿಯುತ್ತದೆ; ಅದರ ಸುರಂಗಗಳ ಒಟ್ಟು ಉದ್ದ 200 ಕಿಲೋಮೀಟರಿಗೂ ಹೆಚ್ಚು. ಸಂದರ್ಶಕರಿಗೆ ತೋರಿಸಲಾಗುವುದು ಇದರ ಅತಿ ಸಣ್ಣ ಭಾಗ ಮಾತ್ರ. ನೆಲದಿಂದ 101 ಮೀಟರ್ ಕೆಳಗೆ ಗಣಿ ಕಾರ್ಮಿಕರೇ ಉಪ್ಪಿನಲ್ಲಿ ಕೊರೆದು ನಿರ್ಮಿಸಿದ ಸಂತ ಕಿಂಗಾ ಪ್ರಾರ್ಥನಾ ಮಂದಿರವು ಇಲ್ಲಿನ ಮುಖ್ಯ ಆಕರ್ಷಣೆ. 1978ರಲ್ಲಿ ಯುನೆಸ್ಕೋ ಪ್ರಕಟಿಸಿದ ಮೊತ್ತಮೊದಲ 12 ವಿಶ್ವ ಪರಂಪರೆಯ ತಾಣಗಳಲ್ಲಿ ಈ ಗಣಿಯೂ ಒಂದು. ವಾಣಿಜ್ಯ ಉದ್ದೇಶದ ಗಣಿಗಾರಿಕೆಯು 1996ರಲ್ಲಿ ನಿಂತಿತು.

ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ 1944ರಲ್ಲಿ ನಾಜಿ ಆಡಳಿತವು ವಿಯೆಲಿಚ್ಕಾ ಗಣಿಯೊಳಗೆ ಯುದ್ಧೋಪಕರಣಗಳ ಕಾರ್ಖಾನೆ ಸ್ಥಾಪಿಸಲು ಯತ್ನಿಸಿತು. ಅದಕ್ಕಾಗಿ ಯಹೂದಿ ಕೈದಿಗಳನ್ನು ಬಲವಂತದ ದುಡಿಮೆಗೆ ತರಲಾಯಿತು. ಬೆರಗಿನ ತಾಣವೆಂದು ಕಾಣುವ ಗಣಿಗೂ ಆ ಕಾಲದ ನೆರಳು ತಾಗಿದೆ ಎಂಬುದನ್ನು ಬಲ್ಲ ಮಾರ್ಗದರ್ಶಕನು ಎರಡು ಸ್ಥಳಗಳನ್ನು ಅರ್ಥವತ್ತಾಗಿ ಬೆಸೆಯಬಲ್ಲನು.

ಒಂದು ದಿನದ ಲೆಕ್ಕ

ಕ್ರಾಕೋವ್‌ನಿಂದ ಹೊರಡುವ ಪ್ರವಾಸಿ ವಾಹನಗಳು ಈ ಎರಡೂ ಸ್ಥಳಗಳನ್ನು ಒಂದೇ ದಿನದಲ್ಲಿ ತೋರಿಸಿ ಸಂಜೆ ಹಿಂದಿರುಗುತ್ತವೆ. ದಿನದ ಕಾಲ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಸ್ಮಾರಕಕ್ಕೆ ತಲುಪಲು ಸುಮಾರು ಒಂದೂವರೆ ಗಂಟೆ ಬೇಕು. ಸ್ಮಾರಕದ ಎರಡು ಭಾಗಗಳಿಗೂ ತಲಾ 90 ನಿಮಿಷವಾದರೂ ಮೀಸಲಿಡಬೇಕೆಂದು ವಸ್ತುಸಂಗ್ರಹಾಲಯವು ಸೂಚಿಸುತ್ತದೆ. ಇವೆರಡರ ನಡುವೆ ಮೂರು ಕಿಲೋಮೀಟರಿಗೂ ಹೆಚ್ಚಿನ ಅಂತರವಿರುವುದರಿಂದ ಒಟ್ಟು ಮೂರೂವರೆ ಗಂಟೆ ಹಿಡಿಯುತ್ತದೆ. ಅಲ್ಲಿಂದ ಗಣಿಗೆ ಮತ್ತೆ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಗಣಿಯೊಳಗೆ ಎರಡೂವರೆಯಿಂದ ಮೂರು ಗಂಟೆ, ನಗರಕ್ಕೆ ಹಿಂದಿರುಗಲು ಅರ್ಧ ಗಂಟೆ. ತಪಾಸಣೆ, ಸರತಿ ಸಾಲು ಮತ್ತು ಊಟದ ಸಮಯ ಸೇರಿದರೆ ಹನ್ನೊಂದು ಗಂಟೆಯಾದರೂ ಬೇಕು.

ಈ ಲೆಕ್ಕದಲ್ಲಿ ಸಡಿಲಿಕೆಗೆ ಎಡೆ ಬಹಳ ಕಡಿಮೆ. ಎರಡೂ ಕಡೆ ಪ್ರವೇಶದ ವೇಳೆ ಮೊದಲೇ ನಿಗದಿಯಾಗಿರುತ್ತದೆ. ಬೆಳಿಗ್ಗೆ ರಸ್ತೆಯಲ್ಲಿ ಅರ್ಧ ಗಂಟೆ ತಡವಾದರೆ ಆ ಅರ್ಧ ಗಂಟೆಯನ್ನು ಎಲ್ಲಿಂದಲಾದರೂ ಕಡಿತ ಮಾಡಲೇಬೇಕು. ಪ್ರಯಾಣದ ದೂರವನ್ನು ಕುಗ್ಗಿಸಲಾಗದು. ಗಣಿಯ ಪ್ರವೇಶ ವೇಳೆಯನ್ನು ಮುಂದೂಡಲಾಗದು. ಹೀಗಾಗಿ ಕತ್ತರಿ ಬೀಳುವ ಸಂಭವವಿರುವುದು ಬಿರ್ಕೆನೌಗೆ. ಸುಮಾರು 170 ಹೆಕ್ಟೇರ್ ವಿಸ್ತಾರದ ಆ ಬಯಲಿನಲ್ಲಿ ರೈಲುಹಳಿ ಹಾದುಹೋಗುವ ಹೆಬ್ಬಾಗಿಲು ಒಂದು ತುದಿಯಲ್ಲಿದ್ದರೆ, ಜನರನ್ನು ಕೊಂದ ವಿಷಾನಿಲ ಕೋಣೆಗಳ ಅವಶೇಷಗಳು ಇನ್ನೊಂದು ತುದಿಯಲ್ಲಿವೆ. ಅವಸರದ ತಂಡವು ಹೆಬ್ಬಾಗಿಲಿನ ಬಳಿ ಛಾಯಾಚಿತ್ರ ತೆಗೆದುಕೊಂಡು ಮರಳಿದರೆ, ಯಾವುದಕ್ಕಾಗಿ ಆ ಸ್ಥಳವನ್ನು ಉಳಿಸಲಾಗಿದೆಯೋ ಅದನ್ನೇ ಕಾಣದೆ ಹೋದಂತಾಗುತ್ತದೆ. ಸಂಯೋಜಿತ ಪ್ರವಾಸದ ನಿಜವಾದ ಅಪಾಯ ಇದೇ. ಸ್ಮಾರಕದ ಕಾಲವನ್ನು ಮೊದಲು ನಿಗದಿಪಡಿಸಿ, ಉಳಿದುದನ್ನು ಅದರ ಸುತ್ತ ಹೊಂದಿಸಿದಾಗ ಮಾತ್ರ ಇಂತಹ ಪ್ರವಾಸ ಸಮರ್ಥನೀಯವಾಗುತ್ತದೆ.

ಯಾವುದು ಮೊದಲು?

ಪ್ರವಾಸದ ಕ್ರಮವನ್ನು ಬಹುಮಟ್ಟಿಗೆ ದೊರೆತ ಪ್ರವೇಶ ವೇಳೆಯೇ ನಿರ್ಧರಿಸುತ್ತದೆ. ಆಯ್ಕೆಗೆ ಅವಕಾಶವಿದ್ದಲ್ಲಿ ಸ್ಮಾರಕವನ್ನು ಬೆಳಿಗ್ಗೆ ಇರಿಸಿಕೊಳ್ಳುವುದು ಎರಡು ಕಾರಣಗಳಿಂದ ಲೇಸು. ಮೊದಲನೆಯದು ದೇಹದ ಆಯಾಸ. ಗಣಿಯ ಸಾಮಾನ್ಯ ಮಾರ್ಗದಲ್ಲಿ ಒಟ್ಟು ಸುಮಾರು 800 ಮೆಟ್ಟಿಲುಗಳಿವೆ. ಆರಂಭದಲ್ಲಿಯೇ 350ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಇಳಿಯಬೇಕು. ಮೇಲೆ ಬರಲು ಲಿಫ್ಟ್ ಇದ್ದರೂ ಕಾಲು ಸೋತ ಮೇಲೆ ಬಿರ್ಕೆನೌ ಬಯಲನ್ನು ಕೊನೆಯವರೆಗೆ ನಡೆಯುವ ಶಕ್ತಿ ಅನೇಕರಿಗೆ ಉಳಿಯದು. ಎರಡನೆಯದು ಮನಸ್ಸಿನ ಸಿದ್ಧತೆ. ಕೇಳುವ, ಗ್ರಹಿಸುವ ಶಕ್ತಿ ದಿನದ ಆರಂಭದಲ್ಲಿ ಹೆಚ್ಚಾಗಿರುತ್ತದೆ.

ಆದರೂ ಬೆಳಿಗ್ಗೆ ಸಾಮೂಹಿಕ ಹತ್ಯೆಯ ಸ್ಥಳವನ್ನು ನೋಡಿ ಮಧ್ಯಾಹ್ನ ಉಪ್ಪಿನ ಶಿಲ್ಪಗಳ ಮುಂದೆ ನಿಲ್ಲುವುದು ಸರಿಯೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಒಂದು ದಿನ ಮಾತ್ರ ಬಿಡುವಿರುವವರಿಗೆ ಬೇರೆ ದಾರಿಯಿಲ್ಲದಿರಬಹುದು. ಅಂತಹ ಸಂದರ್ಭದಲ್ಲಿ ನಡುವಣ ಒಂದೂವರೆ ಗಂಟೆಯ ಪ್ರಯಾಣವನ್ನು ಮೌನಕ್ಕೆ ಬಿಡುವುದು ಉಚಿತ. ವಾಹನದಲ್ಲಿ ಚಲನಚಿತ್ರ ಗೀತೆ ಹಾಕುವುದೋ ಮುಂದಿನ ಸ್ಥಳದ ಜಾಹೀರಾತು ಮಾಡುವುದೋ ಸಲ್ಲದು. ಎರಡು ದಿನ ಇರುವವರಿಗೆ ಎರಡು ದಿನಗಳಲ್ಲಿ ನೋಡುವಂತೆ ಸಲಹೆ ನೀಡುವುದೇ ಪ್ರಾಮಾಣಿಕ ಮಾರ್ಗದರ್ಶನ.

ಒಳಗಿನ ನಿಯಮಗಳು

ಆಶ್‌ವಿಟ್ಜ್ ಸ್ಮಾರಕಕ್ಕೆ ಪ್ರವೇಶ ಶುಲ್ಕವಿಲ್ಲ. ಮಾರ್ಗದರ್ಶಕರ ಸೇವೆಗೆ ಮಾತ್ರ ಶುಲ್ಕವಿದೆ. ತಂಡವಾಗಿ ಬರುವವರು ವಸ್ತುಸಂಗ್ರಹಾಲಯದಿಂದ ತರಬೇತಿ ಪಡೆದ ಮಾರ್ಗದರ್ಶಕರೊಂದಿಗೇ ಒಳಹೋಗಬೇಕು. ನಗರದಿಂದ ಜೊತೆಗೆ ಬಂದ ಪ್ರವಾಸಿ ಸಿಬ್ಬಂದಿ ಒಳಗೆ ವಿವರಣೆ ನೀಡುವಂತಿಲ್ಲ. ಮಾರ್ಗದರ್ಶಕರ ಮಾತು ತಂಡದವರ ಕಿವಿಗೆ ಹೆಡ್‌ಫೋನ್ ಮೂಲಕ ತಲುಪುವುದರಿಂದ ಗದ್ದಲಕ್ಕೆ ಎಡೆಯಿಲ್ಲ. ದೊಡ್ಡ ಚೀಲಗಳನ್ನು ಒಯ್ಯುವಂತಿಲ್ಲ. ಮೃತರ ಕೂದಲನ್ನು ಇರಿಸಿರುವ ಕೋಣೆಯಲ್ಲಿ ಹಾಗೂ 11ನೆಯ ಕಟ್ಟಡದ ನೆಲಮಾಳಿಗೆಯಲ್ಲಿ ಛಾಯಾಚಿತ್ರ ನಿಷಿದ್ಧ. 14 ವರ್ಷದೊಳಗಿನ ಮಕ್ಕಳನ್ನು ಕರೆತರುವುದು ಸೂಕ್ತವಲ್ಲವೆಂದು ಸಲಹೆ ನೀಡಲಾಗಿದೆ. ಕುಟುಂಬ ಸಮೇತ ಸಂಯೋಜಿತ ಪ್ರವಾಸಕ್ಕೆ ಹೊರಡುವವರಿಗೆ ಈ ಸಲಹೆಯನ್ನು ಹಣ ಪಡೆಯುವ ಮೊದಲೇ ತಿಳಿಸಬೇಕಾಗುತ್ತದೆ.

ಗಣಿಯಲ್ಲಿ ನಿಯಮಗಳ ಕಾರಣ ಬೇರೆ. ಅಲ್ಲಿ ಒಂಟಿಯಾಗಿ ತಿರುಗಾಡಿದರೆ ದಾರಿ ತಪ್ಪುವ ಅಪಾಯವಿದೆ. ಆದುದರಿಂದ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ. ಉಪ್ಪಿಗೆ ನೀರೇ ಶತ್ರು. ಗಾಳಿಯ ತೇವಾಂಶದಿಂದ ಶಿಲ್ಪಗಳು ಕರಗತೊಡಗಿದ ಕಾರಣ 1989ರಲ್ಲಿ ಯುನೆಸ್ಕೋ ಈ ಗಣಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ತೇವಾಂಶ ನಿಯಂತ್ರಿಸುವ ಯಂತ್ರಗಳನ್ನು ಅಳವಡಿಸಿದ ಬಳಿಕ 1998ರಲ್ಲಿ ಆ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ನೋಡಲು ಬರುವ ಜನರ ಉಸಿರೂ ಮುಚ್ಚಿದ ಜಾಗಕ್ಕೆ ಹೊರೆಯೇ. ಭೂಗತ ತಾಣವನ್ನು ತೆರೆಯುವ ಮುನ್ನ ಒಮ್ಮೆಗೆ ಎಷ್ಟು ಜನರನ್ನು ಬಿಡಬಹುದೆಂಬ ಮಿತಿಯನ್ನು ನಿರ್ಧರಿಸುವುದು ಈ ಕಾರಣದಿಂದ ಅನಿವಾರ್ಯ.

ಹೆಬ್ಬಾಗಿಲಿನ ಹೊರಗೆ ಸ್ಥಳೀಯ ಸಂಸ್ಥೆಯ ಹೊಣೆ

ಪೋಲೆಂಡಿನಲ್ಲಿ ಅತ್ಯಂತ ಕೆಳಹಂತದ ಸ್ವಯಮಾಡಳಿತ ಘಟಕವನ್ನು ಗ್ಮಿನಾ ಎನ್ನುತ್ತಾರೆ. ಬಿರ್ಕೆನೌ ಶಿಬಿರವಿದ್ದ ಬ್ಜೆಜಿಂಕಾ ಗ್ರಾಮವು ಓಶ್ವಿಯೆಂಚಿಮ್ ಗ್ರಾಮೀಣ ಗ್ಮಿನಾ ವ್ಯಾಪ್ತಿಯಲ್ಲಿದೆ. 1941ರಲ್ಲಿ ಶಿಬಿರಕ್ಕಾಗಿ ಈ ಗ್ರಾಮವೂ ಸೇರಿದಂತೆ ಸುತ್ತಲಿನ ಹಲವು ಗ್ರಾಮಗಳ ಜನರನ್ನು ಒಕ್ಕಲೆಬ್ಬಿಸಿ, ಮನೆಗಳನ್ನು ಕೆಡವಿ, ಅದೇ ಇಟ್ಟಿಗೆ ಸಾಮಗ್ರಿಯನ್ನು ಶಿಬಿರದ ನಿರ್ಮಾಣಕ್ಕೆ ಬಳಸಲಾಯಿತು. ಯುದ್ಧಾನಂತರ ಗ್ರಾಮಸ್ಥರು ಹಿಂದಿರುಗಿ ಮತ್ತೆ ಬದುಕು ಕಟ್ಟಿಕೊಂಡರು. ಅವರಿಗೂ ರಸ್ತೆ, ಶಾಲೆ, ಅಂಗಡಿ, ಉದ್ಯೋಗ ಬೇಕು. ಜಗತ್ತಿನ ಕಣ್ಣಿಗೆ ಸ್ಮಶಾನವಾಗಿರುವ ನೆಲದ ಪಕ್ಕದಲ್ಲಿಯೇ ಅವರ ನಿತ್ಯಜೀವನ ನಡೆಯಬೇಕಾಗಿದೆ.

ಈ ಎರಡು ಅಗತ್ಯಗಳ ನಡುವೆ ತಿಕ್ಕಾಟವೂ ಉಂಟಾಗಿದೆ. 1996ರಲ್ಲಿ ಸ್ಮಾರಕದ ಎದುರು ವ್ಯಾಪಾರ ಮಳಿಗೆ ನಿರ್ಮಿಸುವ ಯೋಜನೆಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ವಿರೋಧ ವ್ಯಕ್ತವಾಯಿತು. 1999ರಲ್ಲಿ ಪೋಲೆಂಡ್ ಸರ್ಕಾರವು ಹಿಂದಿನ ನಾಜಿ ಶಿಬಿರಗಳ ನೆಲವನ್ನು ರಕ್ಷಿಸಲು ಪ್ರತ್ಯೇಕ ಶಾಸನ ಮಾಡಿ, ಸ್ಮಾರಕದ ಎಲ್ಲೆಯಿಂದ 100 ಮೀಟರ್ ಮೀರದ ರಕ್ಷಣಾ ವಲಯವನ್ನು ಗುರುತಿಸಿ, ಆ ವಲಯದಲ್ಲಿ ನಿರ್ಮಾಣ ಮತ್ತು ವ್ಯಾಪಾರಕ್ಕೆ ನಿರ್ಬಂಧ ವಿಧಿಸಿತು. ಜನರ ಜೀವನೋಪಾಯಕ್ಕೂ ಸ್ಮಾರಕದ ಘನತೆಗೂ ನಡುವೆ ಗೆರೆಯನ್ನು ಕಾಲಕಾಲದ ಒತ್ತಡಕ್ಕೆ ಬಿಡದೆ ಕಾನೂನಿನಲ್ಲಿಯೇ ಎಳೆದುದು ಇಲ್ಲಿ ಗಮನಾರ್ಹ.

ನಗರದಿಂದ ಹೊರಟು ಸಂಜೆ ನಗರಕ್ಕೇ ಮರಳುವ ಪ್ರವಾಸದ ಇನ್ನೊಂದು ಮುಖವನ್ನೂ ನೋಡಬೇಕು. ಪ್ರವಾಸಿಗರ ಊಟ, ವಸತಿ, ವಾಹನದ ಹಣದ ಹೆಚ್ಚಿನ ಪಾಲು ನಗರದಲ್ಲಿಯೇ ಉಳಿಯುತ್ತದೆ. ಸ್ಮಾರಕದ ಗ್ರಾಮಕ್ಕೆ ಬರುವುದು ವಾಹನ ದಟ್ಟಣೆ, ಕಸ ಹಾಗೂ ಶೌಚಾಲಯ, ಕುಡಿಯುವ ನೀರಿನ ಬೇಡಿಕೆ. ಅವಸರದ ಪ್ರವಾಸ ಹೆಚ್ಚಿದಷ್ಟೂ ಹೊರೆ ಹೆಚ್ಚುತ್ತದೆ, ಆದಾಯ ಹೆಚ್ಚುವುದಿಲ್ಲ. ಸ್ಮಾರಕಕ್ಕೆ ಸಾಕಷ್ಟು ಕಾಲ ನೀಡಬೇಕೆಂಬ ಬೇಡಿಕೆಯು ಮೃತರ ಗೌರವಕ್ಕೆ ಸಂಬಂಧಿಸಿದಷ್ಟೇ ಗ್ರಾಮದ ಹಿತಕ್ಕೂ ಸಂಬಂಧಿಸಿದೆ.

ನಮ್ಮ ಗ್ರಾಮ ಪಂಚಾಯತಿಗಳಿಗೆ ಅನ್ವಯ

ನಮ್ಮಲ್ಲಿಯೂ 100 ಮೀಟರ್ ನಿಯಮ ಹೊಸದಲ್ಲ. 1958ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಪ್ರಾಮುಖ್ಯದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ ಹಾಗೂ ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವಿದೆ. ಆದರೆ ಊರಿನ ಹುತಾತ್ಮರ ಸ್ತಂಭವೋ ಸ್ಮಾರಕ ಭವನವೋ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ರಕ್ಷಣೆ ಅದಕ್ಕೆ ದೊರೆಯದು. ಅಲ್ಲಿ ಗ್ರಾಮ ಪಂಚಾಯತಿಯ ವಿವೇಚನೆಯೇ ಬೇಲಿ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನೆನೆಯಬಹುದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ಸೇರಿದ್ದ ಜನರ ಮೇಲೆ ಇಲ್ಲಿ ಪೊಲೀಸರು ಗುಂಡು ಹಾರಿಸಿದರು. ಅದೇ ಸ್ಥಳವು ನಾಗಪ್ರತಿಷ್ಠೆಗೆ ಹೆಸರಾದ ಯಾತ್ರಾಸ್ಥಳವೂ ಹೌದು. ಪೂಜೆಗೆ ಬಂದವರು ಕೆಲವೇ ಹೆಜ್ಜೆಗಳ ದೂರದ ಹುತಾತ್ಮರ ಸ್ಮಾರಕವನ್ನು ನೋಡದೆ ಮರಳದಂತೆ ಮಾಡಲು ಒಂದು ನಾಮಫಲಕ ಹಾಗೂ ವಿಷಯ ಬಲ್ಲ ಒಬ್ಬ ಮಾರ್ಗದರ್ಶಕ ಬಹಳಷ್ಟು ಮಾಡಬಲ್ಲರು.

ತಮ್ಮ ವ್ಯಾಪ್ತಿಯಲ್ಲಿ ಸ್ಮಾರಕವೂ ಇತರ ಪ್ರೇಕ್ಷಣೀಯ ಸ್ಥಳವೂ ಇರುವ ಪಂಚಾಯತಿಗಳ ಸದಸ್ಯರು ಈ ಕೆಳಗಿನ ಅಂಶಗಳನ್ನು ಸಾಮಾನ್ಯ ಸಭೆ ಹಾಗೂ ಗ್ರಾಮಸಭೆಯಲ್ಲಿ ಚರ್ಚೆಗೆ ತರಬಹುದು:

1. ಸ್ಮಾರಕವನ್ನು ಪೂರ್ಣವಾಗಿ ನೋಡಲು ಬೇಕಾಗುವ ಕನಿಷ್ಠ ಅವಧಿಯನ್ನು ನಡೆದು ನೋಡಿಯೇ ನಿಗದಿಪಡಿಸುವುದು ಮತ್ತು ಅದನ್ನು ಫಲಕದಲ್ಲಿ ಬರೆಯಿಸುವುದು.

2. ಊರಿನ ಇತಿಹಾಸ ಬಲ್ಲ ಯುವಕ ಯುವತಿಯರನ್ನು ಗುರುತಿಸಿ, ಶಿಕ್ಷಕರು ಹಾಗೂ ಹಿರಿಯರ ನೆರವಿನಿಂದ ಮಾರ್ಗದರ್ಶಕರಾಗಿ ಸಿದ್ಧಗೊಳಿಸುವುದು. ಅವರು ಹೇಳುವ ಸಂಗತಿಗಳನ್ನು ದಾಖಲೆಗಳೊಂದಿಗೆ ತಾಳೆ ನೋಡುವುದು.

3. ಗುಹೆ, ಸುರಂಗ ಅಥವಾ ಹಳೆಯ ಗಣಿಯಿದ್ದಲ್ಲಿ, ಸಂಬಂಧಿಸಿದ ಇಲಾಖೆಯ ಸುರಕ್ಷತಾ ಪರಿಶೀಲನೆ ಆಗುವವರೆಗೆ ಯಾರನ್ನೂ ಒಳಬಿಡದಿರುವುದು.

4. ವಾಹನ ನಿಲುಗಡೆ, ಅಂಗಡಿ, ಶೌಚಾಲಯಗಳನ್ನು ಸ್ಮಾರಕಕ್ಕೆ ಎದುರಾಗದಂತೆ, ಆದರೆ ಊರಿನವರಿಗೆ ವ್ಯಾಪಾರ ತಪ್ಪದಂತೆ ದೂರದಲ್ಲಿ ಗುರುತಿಸುವುದು.

5. ಮಡಿದವರ ವಂಶಸ್ಥರು ಊರಿನಲ್ಲಿದ್ದರೆ, ಯಾವ ನಿರ್ಧಾರಕ್ಕೂ ಮುನ್ನ ಅವರ ಅಭಿಪ್ರಾಯ ಪಡೆಯುವುದು.

ಇವುಗಳಲ್ಲಿ ಮೊದಲನೆಯದಕ್ಕೆ ಹಣದ ಅಗತ್ಯವೇ ಇಲ್ಲ. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹಾಗೂ ಇಬ್ಬರು ಸದಸ್ಯರು ಗಡಿಯಾರ ಹಿಡಿದು ಸ್ಮಾರಕವನ್ನು ಒಮ್ಮೆ ಪೂರ್ಣವಾಗಿ ನಡೆದು ಬಂದರೆ, ಪ್ರವಾಸ ಏರ್ಪಡಿಸುವವರ ಮುಂದಿಡಲು ಖಚಿತವಾದ ಅಂಕಿಯೊಂದು ಪಂಚಾಯತಿಯ ಕೈಯಲ್ಲಿರುತ್ತದೆ.